ಬೆಳಗಿನ ಹೊತ್ತು ಏಳದ ಕಾರು

ಗುಡೂರಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ನಿವೃತ್ತ ಶಿಕ್ಷಕಿ ಗುರುಲಿಂಗವ್ವನವರ ಅಂಗಳದಲ್ಲಿ, ಹಳೆಯ ಕಾರಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿದ್ದಾರೆ ಇಳಕಲ್ಲಿನ ಜಲಾಲುದ್ದೀನ. ಗುರುಲಿಂಗವ್ವ ಗುಂಡಿ ಒತ್ತುತ್ತಾರೆ. ಸ್ಟಾರ್ಟರ್ ಮೋಟರು ಸೊಂಯ್ ಎಂದು ತಿರುಗುತ್ತದೆ, ಇಂಜಿನ್ ಮಾತ್ರ ಅಲುಗುವುದಿಲ್ಲ.

"ನಿನ್ನೆ ಮಧ್ಯಾಹ್ನ ನನ್ನ ಅಂಗಡಿ ಮುಂದ ಒಂದ ಏಟಿಗೆ ಎದ್ದಿತ್ರಿ. ಇಲ್ಲಿ ಬಂದು ಮುಂಜಾನಿ ಯಾಕ ಮುನಿಸ್ಕೊಂತೈತಿ? ನನಗ ಏನೇನೂ ತಿಳೀವಲ್ದು," ಎನ್ನುತ್ತಾರೆ ಜಲಾಲುದ್ದೀನ.

ತಿಂಗಳುಗಳಿಂದ ಇದೇ ಗೊಂದಲ. ಕಾರು ಗುರುಲಿಂಗವ್ವನವರ ಅಣ್ಣ ಬಿಟ್ಟುಹೋದದ್ದು. ಹೋದ ವರ್ಷ ಇಂಜಿನ್ನಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸುವಾಗ ಅದು ಹಿಂದಕ್ಕೆ ಬಡಿದು ಗುರುಲಿಂಗವ್ವನವರ ಮಣಿಕಟ್ಟು ಮುರಿದಿತ್ತು. ಅಂದಿನಿಂದ ಸ್ಟಾರ್ಟರೇ ಗತಿ. ಮೋಟರಿನ ದಂಡಕ್ಕೆ ಸುರುಳಿ ಗೆರೆಗಳಿವೆ. ಅದರ ಮೇಲೆ ಸಣ್ಣ ಹಲ್ಲಿನ ಗಾಲಿ ಜಾರಿ ಹೋಗಿ ಇಂಜಿನ್ನಿನ ದೊಡ್ಡ ಗಾಲಿಗೆ ಕಚ್ಚಬೇಕು. ಮುಂಜಾನೆ ಅದು ಜಾರುವುದೇ ಇಲ್ಲ.

"ಇವತ್ತೂ ಆಗ್ಲಿಲ್ಲಂದ್ರ ಗುಜರಿಯವರಿಗೆ ಕೊಡತೇನಿ, ಜಲಾಲುದ್ದೀನ," ಎನ್ನುತ್ತಾರೆ ಗುರುಲಿಂಗವ್ವ. ದನಿಯಲ್ಲಿ ಸಿಟ್ಟಿಲ್ಲ, ಸಾಕಾಗಿದೆ ಅಷ್ಟೆ.

ಜಲಾಲುದ್ದೀನರ ಕಸುಬು ಶುರುವಾದದ್ದು ಇಳಕಲ್ಲಿನ ನೇಕಾರರ ಓಣಿಯಲ್ಲಿ, ಸುಟ್ಟ ಪವರ್‌ಲೂಮ್ ಮೋಟರುಗಳಿಗೆ ತಂತಿ ಸುತ್ತುತ್ತ. ಮೋಟರು ನಿಂತರೆ ಮಗ್ಗ ನಿಲ್ಲುತ್ತದೆ, ಸೀರೆ ಅರ್ಧಕ್ಕೆ ನಿಲ್ಲುತ್ತದೆ. ಹಾಗಾಗಿ ನೇಕಾರರು ಇವರ ಬಾಗಿಲು ನಸುಕಿನಲ್ಲೇ ಬಡಿಯುತ್ತಾರೆ. ಲಾರಿ, ಟ್ರ್ಯಾಕ್ಟರುಗಳ ಸ್ಟಾರ್ಟರುಗಳು ಆಮೇಲೆ ಬಂದವು. ತಾಮ್ರದ ತಂತಿ ಎಳೆದೆಳೆದು ಬೆರಳ ತುದಿಗಳು ಜಡ್ಡುಗಟ್ಟಿವೆ. ಚಹಾದ ಗ್ಲಾಸು ಸುಡುತ್ತದೋ ಇಲ್ಲವೋ ಎಂಬುದನ್ನೂ ಹೆಂಡತಿ ಶಹರಬಾನು ಹೇಳಬೇಕು.

ಇವತ್ತು ಮೋಟರನ್ನು ಅಲ್ಲೇ ಬಿಚ್ಚಿ ಕಟ್ಟೆಯ ಮೇಲೆ ಇಡುತ್ತಾರೆ. ಗುರುಲಿಂಗವ್ವ ಸುಮ್ಮನೆ ದಂಡದ ಮೇಲೆ ಬೆರಳಾಡಿಸಿ ಮುಖ ಸಿಂಡರಿಸುತ್ತಾರೆ.

"ಇದೇನೋ, ಜೋನಿಬೆಲ್ಲದಂಗ ಅಂಟಾಕತ್ತೈತಿ!"

"ಎಣ್ಣಿರಿ ಅವ್ವಾರ. ಜಾರಲೆಂತ ಪ್ರತಿ ಸಲ ನಾನ ಹಾಕೇನಿ."

ಅಂದವರು ದಂಡವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಎಣ್ಣೆಗೆ ಸುತ್ತಲಿನ ಕಲ್ಲಿನ ಗಣಿಗಳ ಧೂಳು ಮೆತ್ತಿದೆ. ರಾತ್ರಿಯ ತಂಪಿಗೆ ಅದು ಬಿಗಿಯುತ್ತದೆ, ಮಧ್ಯಾಹ್ನದ ಬಿಸಿಲಿಗೆ ಸಡಿಲಾಗುತ್ತದೆ. ಇವರ ಜಡ್ಡುಗಟ್ಟಿದ ಬೆರಳಿಗೆ ಆ ಅಂಟು ತಿಳಿದೇ ಇರಲಿಲ್ಲ. "ನಾ ಎಷ್ಟು ಉಪಚಾರ ಮಾಡಿದ್ನೋ ಅಷ್ಟು ಕೆಡಿಸೇನಿ, ಹೌದಿಲ್ರಿ?" ಎಂದು ಕೇಳುತ್ತಾರೆ, ಯಾರನ್ನೆಂದು ಅವರಿಗೇ ಗೊತ್ತಿಲ್ಲ.

ಸೀಮೆಎಣ್ಣೆಯಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಒಂದು ಹನಿ ಎಣ್ಣೆಯನ್ನೂ ಹಾಕದೆ ಮೋಟರನ್ನು ಮತ್ತೆ ಕೂಡಿಸುತ್ತಾರೆ. ಎಣ್ಣೆ ಡಬ್ಬಿಯ ಕಡೆ ಕೈ ಎರಡು ಸಲ ತಾನಾಗಿ ಹೋಗಿ ಹಿಂದೆ ಬರುತ್ತದೆ. ಗುರುಲಿಂಗವ್ವ ಗುಂಡಿ ಒತ್ತುತ್ತಾರೆ. ಖಟ್! ಇಂಜಿನ್ ಕೆಮ್ಮಿ, ನಡುಗಿ, ಏಳುತ್ತದೆ. ಆರಿಸಿ ಮತ್ತೆ ಒತ್ತಿದರೆ ಮತ್ತೆ ಏಳುತ್ತದೆ.

"ಶಿವಯೋಗ ಮಂದಿರಕ್ಕ ಹೋಗಿ ಬರ್ತೇನಿ," ಎಂದು ಗುರುಲಿಂಗವ್ವ ಸೆರಗು ಸಿಕ್ಕಿಸಿಕೊಂಡು ಒಬ್ಬರೇ ಹೊರಟುಬಿಡುತ್ತಾರೆ. ಧೂಳಿನಲ್ಲಿ ನಿಂತ ಜಲಾಲುದ್ದೀನರ ಮುಖದಲ್ಲಿ ಗೆದ್ದ ಕಳೆಗಿಂತ ಅನುಮಾನವೇ ಹೆಚ್ಚು. ನಾಳೆ ಮುಂಜಾನೆಯೂ ಏಳುತ್ತದೆಯೇ ಎಂದು ಕೇಳಿದರೆ,

"ಏಳಬೇಕ್ರಿ," ಎನ್ನುತ್ತಾರೆ. ಕೈ ಒರೆಸಿಕೊಳ್ಳುತ್ತ ಸೇರಿಸುತ್ತಾರೆ: "ಇಷ್ಟು ವರ್ಷ ಆತು, ಗಾಡಿಯೊಳಗ ಆ ಹಲ್ಲು ಹಲ್ಲಿಗೆ ಕೂಡೂದನ್ನ ನಾ ಕಣ್ಣಿಂದ ನೋಡಿಲ್ರಿ. ಎಲ್ಲಾ ಮುಚ್ಚಿದ ಡಬ್ಬಿಯೊಳಗ ಆಗತೈತಿ. ಒಮ್ಮಿ ನೋಡಬೇಕಂತ ಆಸೆ ಐತಿ, ಅಷ್ಟ."