ಅಮ್ಮನ ಬೆನ್ನಿಗೆ ಬಳಿದ ಕಾವಿ

ಅಮ್ಮನಿಗೆ ಮೈತುಂಬ ಗುಳ್ಳೆ ಎದ್ದಾಗ ನಾವು ಡೊಂಬಿವಲಿಯಲ್ಲಿದ್ದೆವು, ನಾನು ಕಾಲೇಜಿನಲ್ಲಿದ್ದೆ. ಗುಳ್ಳೆ ಒಡೆದಲ್ಲೆಲ್ಲ ಚರ್ಮ ಬೆಂದ ಬಟಾಟೆಯ ಸಿಪ್ಪೆಯ ಹಾಗೆ ಸುಲಿದು ಬರುತ್ತಿತ್ತು. ಥಾಣೆಯ ಡಾಕ್ಟರು, "ಮೈ ತನ್ನ ಚರ್ಮವನ್ನೇ ವೈರಿಯೆಂದು ತಿಳಿದು ಹೊಡೆಯುತ್ತಿದೆ. ಮಾತ್ರೆ ತಪ್ಪಿಸಿದರೆ ಜೀವಕ್ಕೇ ಅಪಾಯ" ಎಂದರು. ಕೆಲವು ಜನಾಂಗಗಳ ರಕ್ತದಲ್ಲೇ ಈ ಕಾಯಿಲೆಗೆ ದಾರಿ ಇರುತ್ತದಂತೆ. ಒಡಹುಟ್ಟಿದವರನ್ನೂ ಕರೆತನ್ನಿ ಎಂದರು.

ಅಮ್ಮನಿಗೆ ಇದ್ದದ್ದು ಒಬ್ಬನೇ ಅಣ್ಣ, ಕಳಂಬೋಲಿಯಲ್ಲಿ ಹೋಟೆಲು ನಡೆಸುತ್ತಿದ್ದ ನನ್ನ ಸೋದರಮಾವ. ದೋಸೆ ಹೊಯ್ಯಲು ಬರುವವನಿಗೆ ವೈದ್ಯವೂ ಬರುತ್ತದೆ ಎಂಬುದು ಅವರ ನಂಬಿಕೆ. ರಕ್ತದ ಮಾತು ಕೇಳಿದ್ದೇ ತಡ, ಮನೆಗೆ ನುಗ್ಗಿದರು. ಅವರು ತಮ್ಮ ಮಗಳಿಗೆ ಗಂಡು ಹುಡುಕುತ್ತಿದ್ದ ಸಮಯವದು.

"ನಮ್ಮ ರಕ್ತಕ್ಕೆ ಎಂತ ಆಗಿದೆ? ಇದು ಸರ್ಪಸುತ್ತು. ನಿನ್ನ ಗಂಡನ ಮನೆಯ ನಾಗನ ಸಿಟ್ಟು!" ಎಂದು ಮಾತ್ರೆಗಳನ್ನು ಕಿಟಕಿಯಿಂದಾಚೆ ಎಸೆದರು. ಅಣ್ಣನಿಗೆ ಎದುರಾಡಿ ಅಮ್ಮನಿಗೆ ಅಭ್ಯಾಸವಿರಲಿಲ್ಲ. ಅಪ್ಪ ಎಂದಿನಂತೆ ಪೇಪರಿನಲ್ಲಿ ತಲೆ ಹುದುಗಿಸಿದರು.

ಸರ್ಪಸುತ್ತಿಗೆ ಕಾವಿಮಣ್ಣು ಅರೆದು ಬಳಿಯುವುದು ನಮ್ಮೂರ ಕಡೆಯ ರೂಢಿ. ಗುಳ್ಳೆಗಳ ಸಾಲು ಮೈ ಸುತ್ತಿ ಬಂದು ಹಾವಿನ ತಲೆ ಬಾಲ ಕೂಡಿದರೆ ಸಾವು, ಕಾವಿ ಅದನ್ನು ತಡೆಯುತ್ತದೆ ಎನ್ನುತ್ತಾರೆ. ಮಾವ ಅಮ್ಮನ ಬೆನ್ನಿಗೆಲ್ಲ ಬಳಿದರು. ಮರುದಿನ ಬಂದು, ಹೊಸದು ಹಚ್ಚಲೆಂದು ಒಣಗಿದ್ದನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿದರು. ಬಟ್ಟೆಯ ಜೊತೆ ಅಂಗೈಯಗಲ ಚರ್ಮ ಕಿತ್ತು ಬಂತು. ಅಮ್ಮನ ಕಿರುಚಾಟಕ್ಕೆ ಪಕ್ಕದ ಮನೆಯವರು ಓಡಿ ಬಂದರು. ಮಾವ ಅವಳ ಕುತ್ತಿಗೆ ಅದುಮಿ ಹಿಡಿದು ಉಜ್ಜುತ್ತಲೇ ಇದ್ದರು.

ನಾನು ಅವರ ಕೈ ಎಳೆದೆ. ಕೆನ್ನೆಗೆ ಬಿಗಿದರು.

"ಸುಮ್ನೆ ಕೂತ್ಕೊ. ನಿಂಗೆಂತ ಗೊತ್ತುಂಟು?"

ಅಡುಗೆಮನೆಯಿಂದ ಹಿತ್ತಾಳೆ ಸೌಟು ತಂದು ಅವರ ಬಾಯಿಗೇ ಬೀಸಿದೆ. ತುಟಿ ಸೀಳಿತು. ಇನ್ನೊಂದು ಬಾರಿಸುವಷ್ಟರಲ್ಲಿ ಪಕ್ಕದವರು ನನ್ನನ್ನು ಹಿಡಿದುಕೊಂಡರು. ಆ ಏಟಿಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಅಣ್ಣ ತಂಗಿ ಇಬ್ಬರನ್ನೂ ಅದೇ ಡಾಕ್ಟರ ಆಸ್ಪತ್ರೆಗೆ ಒಯ್ದೆವು. ಹೊಲಿಗೆ ಹಾಕುವ ಮೊದಲು ಡಾಕ್ಟರು ಮಾವನ ಬಾಯಿಯೊಳಗೆ ಟಾರ್ಚು ಹಿಡಿದರು. ಅಂಗುಳ, ಒಸಡು, ಕೆನ್ನೆಯ ಒಳಮೈ, ಎಲ್ಲೆಲ್ಲೂ ಹಸಿ ಹುಣ್ಣು.

"ಇದು ಏಟಿನದ್ದಲ್ಲ. ತಂಗಿಯದೇ ಕಾಯಿಲೆ ಇರಬೇಕು. ಎಷ್ಟು ಕಾಲದಿಂದ ಇದೆ?"

ಮಾವ ಡಾಕ್ಟರ ಕೈ ಹಿಡಿದುಕೊಂಡರು. "ಯಾರಿಗೂ ಹೇಳ್ಬೇಡಿ ಸಾಹೇಬ್ರೆ. ಮಗಳ ಮದುವೆ ಮುಗೀಲಿ. ನೋವು ತಡ್ಕೊಂಡು ಅಭ್ಯಾಸ ಆಗಿದೆ ನಂಗೆ."

ಪಕ್ಕದ ಹಾಸಿಗೆಯಲ್ಲಿ ಬೋರಲಾಗಿ ಮಲಗಿದ್ದ ಅಮ್ಮ ಎದ್ದು ಬಂದಳು. ಬೆನ್ನಿನ ಬ್ಯಾಂಡೇಜಿನಿಂದ ನೆತ್ತರು ಜಿನುಗುತ್ತಿತ್ತು. ಇದ್ದ ಬಲವೆಲ್ಲ ಕೂಡಿಸಿ ಅಣ್ಣನ ಕೆನ್ನೆಗೆ ಹೊಡೆದಳು. ಅಂಗೈಯ ಗುಳ್ಳೆಗಳು ಒಡೆದು ನೀರು ಅವರ ಗಲ್ಲಕ್ಕಿಳಿಯಿತು.

"ನಿಂಗೂ ಉಂಟು ಅಂತ ಗೊತ್ತಿದ್ದೇ ನನ್ನ ಮಾತ್ರೆ ಬಿಸಾಡಿದ್ದಾ, ಅಣ್ಣಾ?"

ಮಾವ ಸೀಳಿದ ತುಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹೌದೆಂದು ತಲೆಯಾಡಿಸಿದರು.