ಬೀದಿಯ ಫೋನು ಮಾತು ನಿಲ್ಲಿಸಿದ ಬೆಳಿಗ್ಗೆ

ಗುಂಡ್ಲುಪೇಟೆಯಲ್ಲಿ ನಾವಿದ್ದ ಮನೆಯ ಮುಂದಿನ ಕಿಟಕಿಗೆ ಮೊಳದಗಲದ ಒಂದು ಕಟ್ಟೆಯಿತ್ತು. ಬೇರೆಯವರ ಮನೆಯಾಗಿದ್ದರೆ ಅಲ್ಲಿ ತುಳಸಿಯ ಕುಂಡವೋ ಬಿಸಿಲಿಗಿಟ್ಟ ಹುಣಸೆಹಣ್ಣಿನ ಮೊರವೋ ಇರುತ್ತಿತ್ತು. ನಮ್ಮಲ್ಲಿ ಟೆಲಿಫೋನು ಇತ್ತು. ನಡುಮನೆಯಲ್ಲೊಂದು, ಕಿಟಕಿಯಲ್ಲೊಂದು, ಒಂದೇ ತಂತಿಗೆ ಎರಡು ಫೋನು. ಎರಡನೆಯದು ನಮಗಾಗಿ ಅಲ್ಲ, ಬೀದಿಗಾಗಿ. ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷ ಕಳೆದಿದ್ದರೂ ನಮ್ಮ ಬೀದಿಗೆ ಮೊಬೈಲು ಕಾಲಿಟ್ಟಿರಲಿಲ್ಲ. ಹಾಗಾಗಿ ಸುತ್ತಲಿನ ಹನ್ನೆರಡು ಮನೆಯವರೂ ತಮ್ಮ ಮದುವೆಯ ಕಾಗದಗಳಲ್ಲಿ, ಮಕ್ಕಳ ಶಾಲೆಯ ಅರ್ಜಿಗಳಲ್ಲಿ ನಮ್ಮ ನಂಬರನ್ನೇ ಬರೆದು, ಪಕ್ಕದಲ್ಲಿ ಪಿ.ಪಿ. ಎಂದು ಸೇರಿಸುತ್ತಿದ್ದರು. ನೀವೂ ಆ ಕಾಲದವರಾದರೆ ಆ ಎರಡಕ್ಷರ ನೆನಪಿರುತ್ತದೆ: ಫೋನು ನೆರೆಮನೆಯದು, ಕರೆದರೆ ಬರುತ್ತೇವೆ ಎಂದರ್ಥ. ಬೇಗೂರಿನಿಂದಲೋ ಉಮ್ಮತ್ತೂರಿನಿಂದಲೋ ಕರೆ ಬಂದರೆ ನಾನು ಕಿಟಕಿಯಿಂದ ಹೆಸರು ಕೂಗುತ್ತಿದ್ದೆ. ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಚಪ್ಪಲಿ ಬಿಡುವ ಗೋಜಿಲ್ಲದೆ, ಬೀದಿಯಲ್ಲೇ ನಿಂತು ಸರಳಿನ ಸಂದಿಯಿಂದ ಮಾತಾಡಿ ಹೋಗುತ್ತಿದ್ದರು.

ಮಗಳ ಓದಿಗೆಂದು ಮನೆಗೆ ಕಂಪ್ಯೂಟರು ಬಂದಾಗ ಅದಕ್ಕೂ ಅದೇ ತಂತಿ ಬೇಕಾಯಿತು. ಅಂತರಜಾಲಕ್ಕೆ ಹೋಗುವಾಗ ಫೋನು ಸಾಯುತ್ತಿತ್ತು, ಫೋನು ಎತ್ತಿದರೆ ಅಂತರಜಾಲ ಸಾಯುತ್ತಿತ್ತು. ಒಂದೇ ಕೊಡದಲ್ಲಿ ನೀರು ಸೇದುವ ಓರಗಿತ್ತಿಯರ ಹಾಗೆ. ತೆರೆಯ ಮೂಲೆಯಲ್ಲಿ ಆಗಾಗ ಒಂದು ಪುಟ್ಟ ಚೌಕ ಮೂಡಿ, ನಿಮ್ಮ ಬ್ರೌಸರಿಗೆ ದುರಸ್ತಿ ಸಿದ್ಧವಾಗಿದೆ, ಈಗಲೇ ತರಿಸಿಕೊಳ್ಳುವಿರಾ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಜಾಲದ ಪುಟಗಳನ್ನು ತೋರಿಸುವ ಕಿಟಕಿಗೆ ಬ್ರೌಸರು ಎಂಬ ಹೆಸರೆಂದು ಮಗಳು ನನಗೆ ಹೇಳಿಕೊಟ್ಟಿದ್ದಳು. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ನನ್ನದು. ಪದ ಅರ್ಥವಾಗುತ್ತಿತ್ತು, ಆದರೆ ಅದು ಗಂಟೆಗಟ್ಟಲೆ ತಂತಿಯನ್ನು ಹಿಡಿದು ಕೂರುತ್ತದೆ ಎಂಬುದೂ ಅರ್ಥವಾಗುತ್ತಿತ್ತು. ಅಷ್ಟು ಹೊತ್ತಿನಲ್ಲಿ ಯಾರ ಮನೆಗೆ ಏನು ಸುದ್ದಿ ಬರಬೇಕೋ, ಅದನ್ನು ತಡೆಯಲು ನಾನು ಯಾರು? ಪ್ರತಿ ಸಲವೂ ‘ಆಮೇಲೆ’ ಎಂಬುದನ್ನೇ ಒತ್ತಿದೆ. ಏಳೆಂಟು ತಿಂಗಳು ಹಾಗೆಯೇ ಒತ್ತಿದೆ. ನೆರೆಹೊರೆಗೆ ತೋರಿದ ಮರ್ಯಾದೆಯೇ ನಮ್ಮ ಮನೆಯ ಹಿಂಬಾಗಿಲನ್ನು ತೆರೆದಿಟ್ಟಿತ್ತು.

ಆ ಬಾಗಿಲಿನಿಂದ ಏನು ಹೋಯಿತೆಂದು ಹೇಳಬೇಕಾದರೆ ಎದುರುಮನೆಯ ಮಾದೇವಮ್ಮನವರ ವಿಷಯ ಹೇಳಬೇಕು.

ಅವರ ಒಬ್ಬಳೇ ಮಗಳು ಸುಧಾ. ಶುಂಠಿ ಬೆಳೆಯಲು ನಮ್ಮ ಕಡೆ ಜಮೀನು ಗುತ್ತಿಗೆ ಹಿಡಿದಿದ್ದ ಮಲಯಾಳಿ ಕುಟುಂಬದ ಹುಡುಗ ಬಿಜುವನ್ನು ಮೆಚ್ಚಿ ಮದುವೆಯಾಗಿ ಕಾಡಿನಾಚೆಯ ಬತ್ತೇರಿಗೆ ಹೋಗಿದ್ದಳು. ಅಪ್ಪ ಪುಟ್ಟಮಲ್ಲಪ್ಪನವರು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟಿದ್ದರು. ನಾಲ್ಕು ಜನರ ಮುಂದೆ ಆಡಿದ ಮಾತು ಎಂಥದೆಂದು ನಿಮಗೆ ಗೊತ್ತು. ಆಡಿದವನಿಗೇ ಅದು ಕಾಲಿನ ಕುಣಿಕೆ. ಗಂಡ ಹೋಗದ ಕಡೆ ಮಾದೇವಮ್ಮನವರೂ ಹೋಗಲಿಲ್ಲ. ಬಿಜು ಬತ್ತೇರಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದ. ಸುಧಾ ಬಸುರಿಯಾದ ಮೇಲೆ ಅವನು ಅವಳ ಫೋಟೋಗಳನ್ನು ಅಂತರಜಾಲದ ನನ್ನ ಅಂಚೆಪೆಟ್ಟಿಗೆಗೆ ಕಳಿಸತೊಡಗಿದ. ಪುಕ್ಕಟೆಯ ಆ ಪೆಟ್ಟಿಗೆ ಬಲು ಸಣ್ಣದು, ನಾಲ್ಕು ಫೋಟೋ ಬಿದ್ದರೆ ತುಂಬಿಹೋಗುವುದು. ಹಾಗಾಗಿ ಚಿತ್ರವನ್ನು ನಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಕಾಗದವನ್ನು ಅಳಿಸುತ್ತಿದ್ದೆ. ಮಾದೇವಮ್ಮ ಮಧ್ಯಾಹ್ನ ಊಟ ಮುಗಿಸಿ ಬಂದು ಅವನ್ನು ನೋಡಿಕೊಂಡು ಹೋಗುತ್ತಿದ್ದರು. ಸೀಮಂತದ ಹಸಿರು ಬಳೆಗಳ ಚಿತ್ರವನ್ನು ಎಷ್ಟು ಸಲ ನೋಡಿದ್ದರೆಂದರೆ ಎಡಗೈಯಲ್ಲಿ ಎರಡು ಬಳೆ ಕಡಿಮೆ ಇವೆಯೆಂದು ಕಂಡುಹಿಡಿದಿದ್ದರು.

ಒಂದು ದಿನ ಬ್ರೌಸರು ತೆರೆದರೆ ನಾನು ಕರೆಯದ ಪುಟಗಳು ಒಂದರ ಮೇಲೊಂದು ಬಿಚ್ಚಿಕೊಂಡವು, ಮುಚ್ಚಿದಷ್ಟೂ ಹುಟ್ಟಿದವು. ಎರಡು ದಿನಕ್ಕೆ ಯಂತ್ರ ಎದ್ದೇಳದಾಯಿತು. ಚಾಮರಾಜನಗರದಿಂದ ರಿಪೇರಿಯವರು ಬಂದು, ಎಲ್ಲ ಅಳಿಸಿ ಹೊಸದಾಗಿ ಹಾಕುವುದೊಂದೇ ದಾರಿಯೆಂದರು. ಹಾಕಿಯೂ ಕೊಟ್ಟರು. ಹಸಿರು ಬಳೆ ಹೋಯಿತು, ಸುಧಾಳ ತುಂಬಿದ ಮುಖ ಹೋಯಿತು.

ಎಲ್ಲಿಂದ ಬಂತಪ್ಪಾ ಇದು, ನಾನು ಯಾವ ಕೆಟ್ಟ ಪುಟಕ್ಕೂ ಹೋದವಳಲ್ಲ ಎಂದು ಕೇಳಿದೆ. ಅವರು ಚಹಾ ಕುಡಿಯುತ್ತ ವಿವರಿಸಿದರು. ಬ್ರೌಸರಿನಲ್ಲಿ ಹುಟ್ಟಿನಿಂದಲೇ ಒಂದು ತೂತು ಇತ್ತಂತೆ, ಮಾಡಿದವರಿಗೂ ಕಂಡಿರಲಿಲ್ಲವಂತೆ. ಯಾವುದೋ ಪುಟವನ್ನು ಬರೀ ನೋಡಿದರೆ ಸಾಕು, ಆ ಸಂದಿಯಿಂದ ಕಳ್ಳ ತಂತ್ರಾಂಶ ಒಳಗೆ ನುಸುಳುತ್ತದೆ. ದುರಸ್ತಿ ಹೊರಬಂದ ದಿನವೇ ಕಳ್ಳರಿಗೂ ಅದು ಸಿಗುತ್ತದೆ. ತೇಪೆ ಎಲ್ಲಿ ಬಿದ್ದಿದೆಯೆಂದು ನೋಡಿ, ಹರಿದದ್ದು ಎಲ್ಲೆಂದು ತಿಳಿದುಕೊಂಡು, ಇನ್ನೂ ತೇಪೆ ಹಾಕಿಸಿಕೊಳ್ಳದವರನ್ನು ಹುಡುಕಿಕೊಂಡು ಹೊರಡುತ್ತಾರೆ.

“ಈಗ ಹಾಕಿರೋದೂ ಹಳೇದೇ ಮೇಡಂ, ತೂತು ಹಾಗೇ ಇದೆ,” ಎಂದರು. “ದುರಸ್ತಿ ತರಿಸಿಕೊಳ್ಳೋವರೆಗೂ ಬೇರೆ ಎಲ್ಲೂ ಹೋಗ್ಬೇಡಿ, ಅಂಚೇನೂ ತೆಗೀಬೇಡಿ. ಫೋನು ಒಂದು ಮೂರೂವರೆ ಗಂಟೆ ಬಿಡಬೇಕಾಗುತ್ತೆ. ನಡುವೆ ಯಾರೂ ಎತ್ತಬಾರದು, ಎತ್ತಿದ್ರೆ ಮತ್ತೆ ಮೊದಲಿಂದ.”

ಸುಧಾಳಿಗೆ ಆಗ ದಿನ ತುಂಬಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಆಗುವಂತಿರಲಿಲ್ಲ. ಮಗುವಿನ ಮುಖವನ್ನಾದರೂ ನೋಡಬೇಕೆಂದರೆ ನಮ್ಮ ಮನೆಯ ಆ ಗಾಜಿನಲ್ಲೇ ನೋಡಬೇಕು, ಆ ಗಾಜು ತೂತಾಗಿ ಕೂತಿತ್ತು. ತೂತಿನ, ತೇಪೆಯ ಕಥೆಯನ್ನೆಲ್ಲ ಮಾದೇವಮ್ಮನವರಿಗೂ ಹೇಳಿದ್ದೆ.

ಬುಧವಾರ ಒಮ್ಮೆ ಪ್ರಯತ್ನಿಸಿದೆ. ಎಷ್ಟು ಬಂತೆಂದು ತೋರಿಸುವ ನೀಲಿ ಪಟ್ಟಿ ನೂರಕ್ಕೆ ಅರವತ್ತರವರೆಗೂ ಬಂದಿತ್ತು. ಅಷ್ಟರಲ್ಲಿ ಮಾದೇವಮ್ಮ, ಮಗಳ ಕರೆ ಬಂದು ನನಗೆ ಕೇಳಿಸಲಿಲ್ಲವೇನೋ ಎಂಬ ಅನುಮಾನದಿಂದ, ಬೀದಿಯ ಕಡೆಯ ಫೋನನ್ನು ಮೆಲ್ಲಗೆ ಎತ್ತಿ ಕಿವಿಗಿಟ್ಟುಕೊಂಡರು. ಕೆಳಗಿಟ್ಟು, ಹೆದರಿದ ಮುಖದಿಂದ ಕಿಟಕಿಯಲ್ಲಿ ಇಣುಕಿದರು.

“ಒಳಗ್ಯಾರೋ ಕಿರುಚ್ಕೊತಾವ್ರೆ ಕಣವ್ವ.”

ಕಂಪ್ಯೂಟರು ತಂತಿಯಲ್ಲಿ ಮಾತಾಡುವ ಕೀರಲು ಸದ್ದು ಅದು. ತೆರೆಯ ಮೇಲಿನ ನೀಲಿ ಪಟ್ಟಿ ಸೊನ್ನೆಗೆ ಬಂದಿತ್ತು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಬಿಜುವಿನ ಕರೆ ಬಂತು. ಸುಧಾಳನ್ನು ಆಸ್ಪತ್ರೆಗೆ ಸೇರಿಸಿದ್ದಾಯಿತು, ಸಂಜೆಯೊಳಗೆ ಆಗಬಹುದು ಎಂದ. ಕಂಪ್ಯೂಟರಿನ ಕಥೆ ಕೇಳಿ, ಈಗಲೇ ಶುರುಮಾಡಿದರೆ ಮಧ್ಯಾಹ್ನಕ್ಕೆ ಮುಗಿಯುತ್ತದೆ ಎಂದೂ ಹೇಳಿದ. ಕೂಗು ಕೇಳಿ ಬಂದು ಕಿಟಕಿಯಲ್ಲಿ ನಿಂತಿದ್ದ ಮಾದೇವಮ್ಮನವರ ಮುಖ ನೋಡಿದೆ. ಇವತ್ತು ಬೇಡ, ಏನಾದರೂ ಹೆಚ್ಚುಕಡಿಮೆಯಾದರೆ ಅವರು ನಮಗೆ ತಿಳಿಸುವುದು ಈ ಫೋನಿನಿಂದಲೇ ಅಲ್ಲವೇ ಎಂದು ನಾನೇ ಅಂದೆ. ಅವರು ಫೋನಿನ ಮೇಲೆ ಹೊದಿಸಿದ್ದ ಕಸೂತಿಯ ಬಟ್ಟೆಯನ್ನು ನೇವರಿಸಿದರು.

“ಎಚ್ಚುಕಮ್ಮಿ ಆದ್ರೆ ಇಲ್ಲಿ ಕುಂತ್ಕಂಡು ನಾನೇನ್ ಮಾಡಾನು? ಕಿವೀಗೆ ಕೇಳೋದು ನಾಳೇನೂ ಆಯ್ತದೆ. ಕಣ್ಗೆ ಕಾಣ್ಬೇಕು ಕಣವ್ವ. ನೀ ಆಕ್ಬುಡು.”

ಹಾಕಿಬಿಟ್ಟೆ. ಅವರು ಹನ್ನೆರಡು ಮನೆಗೂ ಹೋಗಿ, ಊಟದ ಹೊತ್ತಿನವರೆಗೆ ಫೋನಿಲ್ಲವೆಂದು ಸಾರಿ ಬಂದು, ಕಿಟಕಿಯ ಕಟ್ಟೆಯ ಕೆಳಗೆ, ಬೀದಿಯಲ್ಲೇ, ಮಣೆ ಹಾಕಿಕೊಂಡು ಕೂತರು. ನಾನು ಒಳಗೆ ಅವರೆಕಾಯಿ ಸುಲಿಯುತ್ತ ನೀಲಿ ಪಟ್ಟಿಯನ್ನು ನೋಡುತ್ತ ಕೂತೆ.

ಆ ಮೂರೂವರೆ ಗಂಟೆಯಲ್ಲಿ ನನಗೆ ಚಾಮರಾಜನಗರದ ಕಾನ್ವೆಂಟಿನ ಹೊಲಿಗೆಯ ಸಿಸ್ಟರ್ ನೆನಪಾದರು. ಹರಿದ ಕಾಲುಚೀಲಗಳನ್ನು ನಮ್ಮ ಮುಂದೆ ಸುರಿದು ಅವರು ಹೇಳುತ್ತಿದ್ದರು: ಹರಿದ ಅಂಚಿನಿಂದ ಸೂಜಿ ಹಾಕಬಾರದು, ಅದರಾಚೆ ಬಟ್ಟೆ ಗಟ್ಟಿ ಇರುವಲ್ಲಿಂದ ಶುರುಮಾಡಬೇಕು, ಕೆಲಸ ಮುಗಿದ ಮೇಲೆ ಹೊಲಿದವರ ಕೈ ಎಲ್ಲಿ ಓಡಾಡಿತೆಂದು ಬೆರಳಿಗೂ ತಿಳಿಯಬಾರದು. ಈ ನೀಲಿ ಪಟ್ಟಿಯ ಆಚೆಗೂ ಅಂಥ ಯಾರೋ ಇದ್ದಾರಲ್ಲ ಎಂದು ಮೊದಲ ಬಾರಿಗೆ ಹೊಳೆದು ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೆಯೇ ನಿಂತಿತು. ಲಕ್ಷಾಂತರ ಸಾಲುಗಳ ಬರವಣಿಗೆಯಲ್ಲಿ, ಯಾರೂ ಕಾಣದ ಒಂದು ಸಾಲಿನ ಮುಂದೆ ಯಾರೋ ನಿಂತರು. ಇಲ್ಲಿ ಗಾಳಿ ಆಡುತ್ತಿದೆ ಎಂದರು. ಗಟ್ಟಿ ಇರುವಲ್ಲಿಂದ ಹಿಡಿದು ನೇಯ್ದರು. ಒಂದು ಕಾಲುಚೀಲವನ್ನು ಹೊಲಿದರೆ ಒಂದು ಕಾಲು ಬೆಚ್ಚಗಾಗುತ್ತದೆ. ಇವರು ಒಮ್ಮೆ ಹೊಲಿದ ತೇಪೆ ಭೂಮಿಯ ಮೇಲಿನ ಅಷ್ಟೂ ಹರಿದ ಕಿಟಕಿಗಳಿಗೆ ಅದೇ ಅಳತೆಯಲ್ಲಿ ಕೂರುತ್ತದೆ. ಯಾವ ಅರಮನೆಗೆ ಹೋದ ತೇಪೆಯೋ ಗುಂಡ್ಲುಪೇಟೆಯ ಅಡ್ಡಬೀದಿಗೂ ಅದೇ. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಅದು ನಮ್ಮ ಜಾತಿ ಕೇಳಲಿಲ್ಲ, ಯಾವ ಕಡೆಯವರೆಂದು ಕೇಳಲಿಲ್ಲ. ಎಂಟು ತಿಂಗಳು ‘ಆಮೇಲೆ’ ಎಂದು ಬಾಗಿಲಿನಿಂದಲೇ ಅಟ್ಟಿದ್ದರೂ ಮುನಿಸಿಕೊಳ್ಳದೆ ಮತ್ತೆ ಮತ್ತೆ ಬಂದು ಅದೇ ದನಿಯಲ್ಲಿ ಈಗಲೇ ತರಿಸಿಕೊಳ್ಳುವಿರಾ ಎಂದು ಕೇಳಿತ್ತು. ಮನುಷ್ಯರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು ಎಂದುಕೊಂಡೆ. ಆಮೇಲೆ, ಅದನ್ನು ಹಾಗೆ ಕೇಳುವಂತೆ ಬರೆದಿಟ್ಟವರೂ ಮನುಷ್ಯರೇ ಅಲ್ಲವೇ ಎಂದುಕೊಂಡೆ.

ನೂರಕ್ಕೆ ಎಪ್ಪತ್ತರ ಹೊತ್ತಿಗೆ ಬೀದಿಯಲ್ಲಿ ಗಂಡಸಿನ ದನಿ ಕೇಳಿಸಿತು. ಪುಟ್ಟಮಲ್ಲಪ್ಪನವರು. ಒಲೆ ಹಚ್ಚದೆ ಇಲ್ಲಿ ಕೂತು ಯಾವ ಕೋಟೆ ಕಾಯುತ್ತಿದ್ದೀಯೆ ಎಂದು ಹೆಂಡತಿಯನ್ನು ಕೇಳಿದರು. ಮಾದೇವಮ್ಮ ಏನು ಉತ್ತರ ಕೊಟ್ಟರೋ, ಅದು ಪಿಸುಮಾತು. ಆಮೇಲೆ ಉಡಿಗಾಲದಿಂದ ನೆಂಟರ ಮನೆಗೆ ಬಂದಿದ್ದ ಯಾರೋ ತರಾತುರಿಯಲ್ಲಿ ಕಿಟಕಿಯತ್ತ ಕೈ ಚಾಚಿದ್ದು ಸರಳಿನಾಚೆ ಕಂಡಿತು. ನಾನು ಏಳುವಷ್ಟರಲ್ಲಿ ಪುಟ್ಟಮಲ್ಲಪ್ಪನವರ ಕೈ ಅಡ್ಡ ಬಂದಿತ್ತು.

“ಪೋನು ಸತ್ತೋಗದೆ. ಓಗ್ಲಾ, ಬಸ್‌ಸ್ಟ್ಯಾಂಡ್‌ನಾಗೆ ಎಸ್ಟಿಡಿ ಬೂತದೆ.”

ಆಮೇಲೆ ಪುಟ್ಟಮಲ್ಲಪ್ಪನವರು ಅಲ್ಲಿಂದ ಹೋಗಲಿಲ್ಲ. ಬೀಡಿ ಹಚ್ಚಿ ಬೀದಿಗೆ ಮುಖ ಮಾಡಿ ಅಲ್ಲೇ ನಿಂತರು. ಒಂದೆರಡು ಸಲ, ನನ್ನನ್ನಲ್ಲ, ಗೋಡೆಯನ್ನು ಕೇಳಿದಂತೆ, “ಎಷ್ಟಾಯ್ತಂತೆ?” ಎಂದರು. ನಾನು ಒಳಗಿನಿಂದ, ಗೋಡೆಗೇ ಹೇಳಿದಂತೆ, ಎಂಬತ್ತೆರಡು, ತೊಂಬತ್ತೊಂದು ಎಂದೆ.

ಪಟ್ಟಿ ತುಂಬಿತು. ಯಂತ್ರ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ನೋಡಲು ಏನೇನೂ ಬದಲಾಗಿರಲಿಲ್ಲ. ಅದೇ ಕಿಟಕಿ, ಅದೇ ಬಣ್ಣ. ಸಿಸ್ಟರ್ ಇದ್ದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು. ಮತ್ತೆ ತಂತಿ ಹಿಡಿದು ಅಂಚೆಪೆಟ್ಟಿಗೆ ತೆರೆದೆ. ಬಿಜುವಿನ ಒಂದು ಕಾಗದವಿತ್ತು, ಅರ್ಧ ಗಂಟೆಯ ಹಿಂದಿನದು. ಫೋನು ಎಂಗೇಜ್ ಬರುತ್ತಿದೆ, ಸಂತೋಷ, ಅಂದರೆ ನಿಮ್ಮ ಕೆಲಸ ನಡೆಯುತ್ತಿದೆ ಎಂದು ಬರೆದಿದ್ದ. ಅದರ ಕೆಳಗೆ: ಹೆಣ್ಣು ಮಗು, ಬೇಗನೆ ಆಯಿತು, ಇಬ್ಬರೂ ಕ್ಷೇಮ.

ಆ ಕಾಲದ ತಂತಿಯಲ್ಲಿ ಚಿತ್ರ ಒಮ್ಮೆಗೇ ಬರುತ್ತಿರಲಿಲ್ಲ. ಮೇಲಿನಿಂದ ಎಳೆ ಎಳೆಯಾಗಿ ಇಳಿಯುತ್ತಿತ್ತು. ಮಾದೇವಮ್ಮ ಒಳಗೆ ಬಂದು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತರು. ಮೊದಲು ಆಸ್ಪತ್ರೆಯ ಬಿಳಿ ಬಟ್ಟೆ. ಆಮೇಲೆ ಒದ್ದೆಯಾದ ಕಪ್ಪು ಕೂದಲು. ಹಣೆ. ಒಂದು ಮುಚ್ಚಿದ ರೆಪ್ಪೆ, ಇನ್ನೊಂದು. ಒಂದು ಮುಖ ಸೃಷ್ಟಿಯಾಗುವುದನ್ನು ಹೊರಗಿನಿಂದ ನೋಡಲು ಯಾವ ಅಜ್ಜಿಗೆ ಸಿಕ್ಕೀತು? ಮೂಗು ಇಳಿದದ್ದೇ ಮಾದೇವಮ್ಮ ತಿರುಗಿ ಕಿಟಕಿಯತ್ತ ನೋಡಿದರು. ಸರಳಿಗೆ ಮುಖ ಒತ್ತಿಕೊಂಡು ನಿಂತಿದ್ದವರ ಮೂಗೂ ಅದೇ, ಸ್ವಲ್ಪ ಎಡಕ್ಕೆ ವಾಲಿದ್ದು. ನಾನು ತೆರೆಯನ್ನು ಕಿಟಕಿಯ ಕಡೆಗೆ ಒಂದಿಷ್ಟು ತಿರುಗಿಸಿದೆ.

ಅವರು ಬಹಳ ಹೊತ್ತು ನೋಡಿದರು. ಬೀಡಿ ಬೆರಳಲ್ಲೇ ಆರಿತ್ತು.

“ಸೀರೆ ಬದಲಾಯ್ಸು,” ಎಂದರು ಹೆಂಡತಿಗೆ. “ಎಲ್ಡು ಗಂಟೆ ಬತ್ತೇರಿ ಬಸ್ಸು ಸಿಕ್ಕಿದ್ರೆ ಸಿಕ್ತು.”

ಮಾದೇವಮ್ಮ, ಮಾತಾಡಿದರೆ ಆ ಮಾತು ಕೆಡುತ್ತದೆಂದು ಅಂಜಿದವರಂತೆ ಸರಸರನೆ ಹೊರಟರು. ಹೊಸ್ತಿಲಲ್ಲಿ ನಿಂತು ಒಮ್ಮೆ ತಿರುಗಿದರು.

“ತೂತ ಒಲ್ದೋರ್ಗೂ ಒಂದ್ ಮಾತು ಯೋಳ್ಬುಡವ್ವ, ಮಗೀನ ನೋಡ್ದೊ ಅಂತ.”

ಆಯ್ತು ಹೇಳುತ್ತೇನೆ ಎಂದುಬಿಟ್ಟೆ. ಅವರು ಹೋದ ಮೇಲೆ, ಯಾರಿಗೆ ಹೇಳುವುದು ಎಂದು ಕೂತು ಯೋಚಿಸಿದೆ. ಬ್ರೌಸರಿನ ಮೇಲ್ಪಟ್ಟಿಯ ಕೊನೆಯಲ್ಲಿ, ಈ ತಂತ್ರಾಂಶದ ಬಗ್ಗೆ ಎಂದು ತಿಳಿಸುವ ಒಂದು ಆಯ್ಕೆಯಿತ್ತು. ಅದುವರೆಗೆ ಅದನ್ನು ಒತ್ತುವ ಅಗತ್ಯ ಬಂದಿರಲಿಲ್ಲ. ಒತ್ತಿದೆ. ಹಸ್ತದಷ್ಟಗಲದ ಒಂದು ಚೌಕ ಬಂತು. ಹಕ್ಕುಗಳ ಕುರಿತು ಇರುವೆಸಾಲಿನಂಥ ಅಕ್ಷರಗಳು, ನಡುವೆ ಒಂದೆಡೆ, ಆವರೆಗೆ ಹಾಕಿದ ದುರಸ್ತಿಗಳ ಸಾಲು, ಆ ಸಾಲಿನ ತುದಿಯಲ್ಲಿ ಆರೇಳು ಅಂಕೆಗಳ ಒಂದು ಸಂಖ್ಯೆ. ಇವತ್ತು ಬಂದದ್ದು ಅದೇ. ಹೆಸರಿಲ್ಲ, ಊರಿಲ್ಲ, ವಿಳಾಸವಿಲ್ಲ. ಹೊಲಿದವರು ಗಂಡೋ ಹೆಣ್ಣೋ, ಅವರಿಗೆ ಮಕ್ಕಳಿದ್ದಾರೋ, ಈ ಹೊತ್ತಿಗೆ ಅಲ್ಲಿ ಹಗಲೋ ಇರುಳೋ, ಒಂದೂ ಇಲ್ಲ. ಮನೆಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆ ಅಂಕೆಗಳ ಮೇಲೆ ಬೆರಳಿಟ್ಟು, ಮಾದೇವಮ್ಮ ಹೇಳಿದ ಮಾತನ್ನು ಅವರು ಹೇಳಿದ ಹಾಗೆಯೇ ಹೇಳಿದೆ.

ಆ ಚೌಕದಲ್ಲಿ ಒಂದೇ ಒಂದು ಗುಂಡಿ ಇತ್ತು, ಸರಿ ಎಂಬುದು. ಅದನ್ನು ಒತ್ತಿ, ತಂತಿಯನ್ನು ಬೀದಿಗೆ ಬಿಟ್ಟುಕೊಟ್ಟೆ.