ಬರಿಗಾಲಿನ ಪರೀಕ್ಷೆ

ಯಾರಾದರೂ ದೆವ್ವ ಕಂಡೆ ಎಂದು ಹೇಳಿದರೆ, ಅದರ ನಾಡಿ ಹಿಡಿದು ನೋಡಿದಿರಾ ಎಂದು ಕೇಳುವ ಜಾತಿ ನನ್ನದು. ದನದ ಡಾಕ್ಟರಾಗಿ ಊರೂರು ಅಲೆದವನು. ಕಣ್ಣಿಗೆ ಕಾಣದ್ದನ್ನು, ಕೈಗೆ ಸಿಗದ್ದನ್ನು ನಂಬಿದವನಲ್ಲ. ಹಾಗಿದ್ದೂ ಈಗ ಹೇಳುವ ಸಂಗತಿಯನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಆಗ ನಾನು ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಪಶುವೈದ್ಯಕೀಯ ಓದುತ್ತಿದ್ದೆ. ರಾವಂದೂರು ಕಡೆಯ ಒಕ್ಕಲು ಮನೆಯ ಹುಡುಗ ಮಹಾರಾಜರ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹಡಗು ಹತ್ತಿದ್ದೇ ನಮ್ಮಲ್ಲಿ ದೊಡ್ಡ ಸುದ್ದಿ. ಪಿರಿಯಾಪಟ್ಟಣದವರೆಗೆ ಗಾಡಿ ಕಟ್ಟಿಕೊಂಡು ಬಂದು ಬೀಳ್ಕೊಟ್ಟಿದ್ದರು. ಅಲ್ಲಿಗೆ ಹೋದ ಮೇಲೆ ನನ್ನ ಬಂಡವಾಳ ಬಯಲಾಯಿತು. ಚಳಿಗೆ ಬೆರಳು ಮರಗಟ್ಟುತ್ತಿತ್ತು. ಅವರ ಇಂಗ್ಲಿಷು ಅರ್ಧ ತಲೆಗೆ ಹೋದರೆ ಅರ್ಧ ಗಾಳಿಗೆ. ಮುದ್ದೆ ಸಿಗದ ದುಃಖ ಬೇರೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದೆ. ಇನ್ನೊಮ್ಮೆ ಫೇಲಾದರೆ ವೇತನ ನಿಂತು, ಸಿಕ್ಕಿದ ಹಡಗಿಗೆ ಊರಿಗೆ ವಾಪಸು. ಯಾವ ಮುಖ ಹೊತ್ತುಕೊಂಡು ಹೋಗಲಿ ಎಂದು ನಿಜಕ್ಕೂ ಹೆದರಿದ್ದೆ.

ಎರಡನೆಯ ಪರೀಕ್ಷೆ ಊರಾಚೆಯ ಒಂದು ಫಾರಂನಲ್ಲಿ, ಬೆಳಗ್ಗೆ ಹತ್ತು ಗಂಟೆಗೆ. ಕಲ್ಲುಹಾಸಿನ ಕೊಟ್ಟಿಗೆಯಲ್ಲಿ ಒಂದು ಕಂದು ಹಸು ಮೇವು ಬಿಟ್ಟು, ಜೊಲ್ಲು ಸುರಿಸುತ್ತಾ ನಿಂತಿತ್ತು. ಅದಕ್ಕೇನಾಗಿದೆ ಎಂದು ಹೇಳಬೇಕು. ನನಗಿಂತ ಮುಂಚೆ ಮೂವರು ಮೊಳೆ ಹೊಡೆದ ಬೂಟುಗಳಲ್ಲಿ ಟಕಟಕ ಎಂದು ಒಳಗೆ ಹೋದರು, ಒದೆ ತಿಂದು ಈಚೆ ಬಂದರು. ಹಸು ಯಾರನ್ನೂ ತಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ನನ್ನ ಸರದಿ ಬಂತು. ಬಾಗಿಲಲ್ಲಿ ಕಾಲಿಟ್ಟೆ.

"ಕೆರ ಬುಟ್ಟು ಬಾರ್ಲಾ, ಮುಂಡೇದೇ."

ನನ್ನನ್ನು ಸಾಕಿ ಬೆಳೆಸಿದ ಸೋದರಮಾವನ ದನಿ, ಕಿವಿಯ ಪಕ್ಕದಲ್ಲೇ. ನಮ್ಮ ಮನೆಯಲ್ಲಿ ಕಣಕ್ಕಾಗಲಿ ಕೊಟ್ಟಿಗೆಗಾಗಲಿ ಕೆರ ಮೆಟ್ಟಿ ಹೋಗುವಂತಿಲ್ಲ. ಚಿಕ್ಕಂದಿನಲ್ಲಿ ಮರೆತು ನುಗ್ಗಿದಾಗಲೆಲ್ಲ ಇದೇ ಬೈಗುಳ. ತಿರುಗಿ ನೋಡಿದೆ, ಮಾವ ಇಲ್ಲ. ಆದರೆ ಭಯ ನೋಡಿ, ಕೈ ತಾನಾಗಿಯೇ ಬೂಟಿನ ದಾರ ಬಿಚ್ಚಿತು. "ಬಿಚ್ಚಿದೆ ಮಾವ" ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟೆ. ಸಹಪಾಠಿಗಳು ಮುಸಿಮುಸಿ ನಕ್ಕರು.

ಕೊರೆಯುವ ಕಲ್ಲಿನ ಮೇಲೆ ಬರಿಗಾಲಲ್ಲಿ ಹೋದೆ. ಹಸು ಕಿವಿ ಆಡಿಸಿ ಸುಮ್ಮನೆ ನಿಂತಿತು. ಬಾಯೊಳಗೆ ಕೈ ಹಾಕಿದರೆ, ಅಂಗುಳಕ್ಕೆ ಅಡ್ಡಲಾಗಿ ಒಂದು ಕಡ್ಡಿ ಸಿಕ್ಕಿಕೊಂಡಿತ್ತು. ಕಿತ್ತು ತೆಗೆದು, ಕೊಟ್ಟಿಗೆಯೊಳಗೇ ನಿಂತಿದ್ದ ಪರೀಕ್ಷಕರ ಮುಂದೆ ಹಿಡಿದೆ. ಬೂಟು ಯಾಕೆ ಬಿಚ್ಚಿದೆ ಎಂದು ಕೇಳಿದರು. ಸದ್ದಿಗೆ ಹಸು ಬೆದರುತ್ತದೆ, ಅದಕ್ಕೆ ಎಂದೆ. ಅವರು ಬಹಳ ಮೆಚ್ಚಿಕೊಂಡು ಪಾಸು ಮಾಡಿದರು. ಹೇಳಿದ್ದು ಶುದ್ಧ ಸುಳ್ಳು. ಅವರು ಕೇಳುವವರೆಗೆ ನನಗದು ಹೊಳೆದೇ ಇರಲಿಲ್ಲ. ಖುಷಿ ತಡೆಯಲಾರದೆ ಬೂಟು ಕೈಯಲ್ಲಿ ಹಿಡಿದೇ ಅರ್ಧ ದಾರಿ ನಡೆದಿದ್ದೆ. ಊರಿನ ಹಂಬಲಕ್ಕೆ ಕಿವಿ ಆಡಿದ ಆಟ ಎಂದು ಸಮಾಧಾನ ಮಾಡಿಕೊಂಡು, ಪಾಸಾದೆ ಎಂದಷ್ಟೇ ಮನೆಗೆ ಕಾಗದ ಬರೆದೆ.

ಎರಡು ವರ್ಷದ ಮೇಲೆ ಓದು ಮುಗಿಸಿ ಬಂದೆ. ಒಂದು ಬೆಳಗ್ಗೆ ಎತ್ತುಗಳಿಗೆ ಹುಲ್ಲು ಹಾಕುತ್ತಾ, ಅದೂ ಇದೂ ಮಾತಾಡುತ್ತಾ ಮಾವ ಕೇಳಿದ:

"ಅಲ್ಲ ಕಣ್ಲಾ, ಆ ಒಂದ್ ತೋಳಿಲ್ದ ದೊರೆ ಅಷ್ಟ್ ಓದ್ದೋನು, ಕೆರ ಮೆಟ್ಕಂಡೇ ಕೊಟ್ಗೇಲಿ ನಿಂತಿದ್ನಲ್ಲ. ಅವನ್ಗೆ ಯಾರೂ ಏಳ್ಕೊಟ್ಟಿಲ್ವಾ?"

ನನ್ನ ಪರೀಕ್ಷಕರು ಜರ್ಮನ್ ಯುದ್ಧದಲ್ಲಿ ಎಡತೋಳು ಕಳೆದುಕೊಂಡಿದ್ದವರು. ಅದನ್ನು ನಾನು ಯಾವ ಕಾಗದದಲ್ಲೂ ಬರೆದಿರಲಿಲ್ಲ. ನಿಮಗೂ ಇಲ್ಲಿಯವರೆಗೆ ಹೇಳಿರಲಿಲ್ಲ.

"ನಿಂಗ್ಯಾರು ಹೇಳಿದ್ರು ಮಾವ?" ಎಂದೆ.

"ಏಳೋದೇನ್ ಬಂತು. ನಾನೂ ಅಲ್ಲೇ ಇರ್ಲಿಲ್ವಾ?" ಎಂದವನೇ ಎತ್ತುಗಳ ಹಗ್ಗ ಬಿಚ್ಚಿ, ನೀರು ಕುಡಿಸಲು ಕೆರೆಯ ಕಡೆ ಹೊಡೆದುಕೊಂಡು ಹೊರಟ.

ಹುಣಸೂರಿನ ಸಂತೆಯಿಂದಾಚೆ ಕಾಲಿಟ್ಟವನಲ್ಲ ನಮ್ಮ ಮಾವ. ಇದು ಹೇಗಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಪರದೇಶದಲ್ಲಿ ಒಬ್ಬನೇ ಕಷ್ಟಪಟ್ಟು ಓದಿದೆ ಎಂದು ಹೇಳಿಕೊಳ್ಳುವುದನ್ನು ಮಾತ್ರ ಅವತ್ತಿಗೇ ಬಿಟ್ಟೆ.